ಹುಣಸೆಮರ ಹೇಳಿದ ಸಾಕ್ಷಿ

ಮರಗಳಿಗೆ ಮಾತು ಬಂದು ನಲವತ್ತು ವರ್ಷಗಳಾಗಿದ್ದವು. ಗದಗಿನ ಸಿವಿಲ್ ವಕೀಲೆ ಗಿರಿಜಾ ಹೊಂಬಳ ತಮ್ಮ ಮೂವತ್ತೆರಡು ವರ್ಷಗಳ ವಕೀಲಿಯಲ್ಲಿ ಬೇವು, ಬನ್ನಿ, ಆಲ ಎಲ್ಲವನ್ನೂ ಪಾಟೀಸವಾಲು ಮಾಡಿದ್ದರು. ಮರ ಕೋರ್ಟಿಗೆ ಬರಲಾರದಾದ್ದರಿಂದ ನ್ಯಾಯಾಧೀಶರೇ ಮರದ ಬಳಿಗೆ ಬರುವುದು ವಾಡಿಕೆ. ಆ ಬೆಳಿಗ್ಗೆ ಒಂದು ಹುಣಸೆಮರದ ಕೆಳಗೆ ಅವರಿಗೆ ಕುರ್ಚಿ ಹಾಕಿದ್ದರು.

ಮರವಿದ್ದ ಹಿತ್ತಲು ತನ್ನದೆಂದು ಗಿರಿಜಾ ಅವರ ಕಕ್ಷಿದಾರ ರುದ್ರಗೌಡ, ಅಲ್ಲ ತನ್ನದೆಂದು ಪಕ್ಕದ ಮನೆಯ ಹಜರತಸಾಬ. ಮರ ನೆಟ್ಟದ್ದು ನಮ್ಮಜ್ಜ ಎಂದು ಇಬ್ಬರೂ ಹನ್ನೆರಡು ವರ್ಷಗಳಿಂದ ಹಟ ಹಿಡಿದಿದ್ದರು. ಯಾರು ಗೆದ್ದರೂ ಗೋಡೆ ಎಬ್ಬಿಸುವವರೇ. ಪಾಯ ತೋಡಿದರೆ ಮರದ ಬೇರು ಉಳಿಯುತ್ತಿರಲಿಲ್ಲ.

“ನಿಮ್ಮನ್ನ ನೆಟ್ಟವರು ಯಾರ್ರೀ?” ಕಕ್ಷಿದಾರನ ಮಾತು ನಂಬಿ ಗಿರಿಜಾ ಕೇಳಿದರು.

“ಯಾರೂ ಇಲ್ಲವ್ವಾ. ಮಂಗ್ಯಾ ಬೀಜ ಉಗುಳಿತ್ತು,” ಎಂದಿತು ಮರ.

ನ್ಯಾಯಾಧೀಶರೂ ನಕ್ಕುಬಿಟ್ಟರು. ರುದ್ರಗೌಡನ ಮುಖ ಸಪ್ಪಗಾಯಿತು. ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಗಿರಿಜಾ ಸಾಕ್ಷಿಗೆ ಎಂದೂ ಕೇಳಿದವರಲ್ಲ, ಅಂದು ಕೇಳಿಯೇಬಿಟ್ಟರು.

“ಹಂಗಾದ್ರ ನಿಮ್ಮನ್ನ ಬದುಕಿಸಿದವರು ಯಾರು?”

“ಬಾವಿ ಬತ್ತಿದ ಬ್ಯಾಸಗಿಯೊಳಗ ಈ ಎರಡೂ ಮನಿ ಹೆಣ್ಮಕ್ಕಳು ಗಂಡಂದಿರಿಗೆ ಗೊತ್ತಿಲ್ದಂಗ ಭಾಂಡೆ ತೊಳದ ನೀರು ತಂದು ಹಾಕ್ಯಾರ. ಇಲ್ಲೇ ಕುಂತು ಹರಟಿನೂ ಹೊಡದಾರ.”

ಗಂಡಂದಿರು ತಿರುಗಿ ನೋಡಿದರು. ರುದ್ರಗೌಡನ ಹೆಂಡತಿ ನೀಲವ್ವ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. ಹಜರತಸಾಬನ ಹೆಂಡತಿ ಮಾಬೂಬಿ ಎದ್ದೇ ನಿಂತಳು.

“ಸಾಹೇಬ್ರ, ಗ್ವಾಡಿ ಬ್ಯಾಡ್ರಿ. ಹಿತ್ತಲ ಇಬ್ಬರದೂ ಇರ್ಲಿ.”

“ಹೂಂ ಅನ್ರಿ,” ನೀಲವ್ವ ಗಂಡನನ್ನು ತಿವಿದಳು. ರುದ್ರಗೌಡ ಹಜರತಸಾಬನ ಮುಖ ನೋಡಿದ. ಇಬ್ಬರೂ ನಾಚುತ್ತಲೇ ತಲೆಯಾಡಿಸಿದರು.

ಗಿರಿಜಾ ಅಲ್ಲೇ ಕುಳಿತು ರಾಜಿಪತ್ರ ಬರೆದರು. ಹೆಂಗಸರು ಆ ಮರದ್ದೇ ಹುಣಸೆಹಣ್ಣಿಗೆ ಉಪ್ಪು, ಖಾರ ಹಾಕಿ ಕುಟ್ಟಿದ ಚಿಗಳಿ ಹಂಚಿದರು. ನ್ಯಾಯಾಧೀಶರು ಹುಳಿಗೆ ಒಂದು ಕಣ್ಣು ಮುಚ್ಚಿಕೊಂಡೇ ಸಹಿ ಹಾಕಿದರು.