ಡೀಸೆಲ್ ಟ್ಯಾಂಕಿನ ಕೀಲಿ

ಕ್ಯಾನ್ಸಸ್ಸಿನ ಆ ಪುಟ್ಟ ಕ್ಲಿನಿಕ್ಕಿನ ಬಾಗಿಲ ಹಿಡಿಯ ಮೇಲೆ ಕೈಯಿಟ್ಟು, ಡಾಕ್ಟರು ಯಾವಾಗ ಎದ್ದು ನಿಲ್ಲುತ್ತಾರೋ ಎಂದು ಮರ್ಲ್ ಕಾದ. ಇಷ್ಟು ವರ್ಷ ಕಂಡ ಡಾಕ್ಟರುಗಳೆಲ್ಲ ಈ ಹೊತ್ತಿಗೆ ಎದ್ದುಬಿಡುತ್ತಿದ್ದರು. ಈ ಡಾಕ್ಟರ್ ರೆನಾಟಾ ಮಾತ್ರ ಕುರ್ಚಿ ಬಿಟ್ಟು ಅಲ್ಲಾಡಲಿಲ್ಲ.

"ಸಕ್ಕರೆ ನೋಡಿದ್ರಿ, ಮಾತ್ರೆ ಬರೆದ್ರಿ, ಇನ್ನೇನು ಮೇಡಂ? ಗೋಧಿ ಕೊಯ್ಲು ನಿಂತಿದೆ. ನಮ್ಮನೆಯವಳು ಡೀಸೆಲ್ ಟ್ಯಾಂಕಿನ ಕೀಲಿ ಕಳೆದು ಕೂತಿದಾಳೆ. ಕೇಳಿದ್ರೆ ನಾನಲ್ಲ ಅಂತಾಳೆ. ನಿನ್ನೆಯಿಂದ ನಮ್ಮಿಬ್ಬರಿಗೂ ಮಾತಿಲ್ಲ. ಈಗ ಹೋಗಿ ಬೀಗ ಒಡೀಬೇಕು."

"ಒಡೀರಂತೆ. ನೀವು ತಿಂಗಳು ತಿಂಗಳು ಈ ಕ್ಲಿನಿಕ್ಕಿಗೆ ಚಂದಾ ಕಟ್ಟೋದು ಐದು ನಿಮಿಷದ ತಪಾಸಣೆಗಲ್ಲ. ಊಟದ ತನಕ ನನಗೆ ಬೇರೆ ಯಾರೂ ಇಲ್ಲ. ಬೂಟು ಬಿಚ್ಚಿ."

"ಕಾಲಿಗೇನಾಗಿದೆ? ಚೂರೂ ನೋವಿಲ್ಲ."

"ನನಗೆ ಭಯ ಅದಕ್ಕೇ."

ಆಕೆ ಬಗ್ಗಿ ಮೊದಲು ತನ್ನ ಶೂಗಳನ್ನೇ ಬಿಚ್ಚಿ ಪಕ್ಕಕ್ಕಿಟ್ಟಳು. ಬರಿಗಾಲಲ್ಲಿ ಕೂತ ಡಾಕ್ಟರನ್ನು ಕಂಡು ಮರ್ಲ್‌ಗೆ ನಗು ಬರಬೇಕಿತ್ತು, ಬರಲಿಲ್ಲ. ಗೊಣಗುತ್ತಾ ಕೂತು ಬಲಗಾಲಿನ ಬೂಟು ಎಳೆದ. ಒಳಗಿಂದ ಹಿತ್ತಾಳೆಯ ಕೀಲಿಯೊಂದು ನೆಲಕ್ಕೆ ಬಿದ್ದು ಟಣ್ ಎಂದಿತು. ಮನೆಯಲ್ಲಿ ಬೂಟು ಬಿಡುವ ಜಾಗದ ಮೇಲೆ, ಮೊಳೆಗೆ ನೇತಾಡುತ್ತಿದ್ದ ಅದೇ ಕೀಲಿ. ನಿನ್ನೆಯೆಲ್ಲ ಹೊಲದಲ್ಲಿ ಅದನ್ನು ತುಳಿದುಕೊಂಡೇ ಓಡಾಡಿದ್ದ.

ರೆನಾಟಾ ಅವನ ಸಾಕ್ಸ್ ತೆಗೆದಳು. "ಕಣ್ಣು ಮುಚ್ಚಿ. ಅಂಗಾಲು ಒತ್ತಿದಾಗ ಹೇಳಿ."

ಮರ್ಲ್ ಕಣ್ಣು ಮುಚ್ಚಿ ಕಾದ. ಕಾದು ಕಾದು ರೇಗಿಹೋಯಿತು. "ಒತ್ತಿ ಮೇಡಂ, ಯಾಕೆ ಸುಮ್ಮನೆ ಕೂತಿದೀರಿ?"

ಕಣ್ಣು ಬಿಟ್ಟ. ಅಂಗಾಲಲ್ಲಿ ಕೀಲಿ ಕೊರೆದ ಗುರುತಿನ ಪಕ್ಕದಲ್ಲೇ ಆಕೆಯ ಹೆಬ್ಬೆರಳಿತ್ತು. ಒತ್ತಿದ ಬಿರುಸಿಗೆ ಅದರ ಉಗುರು ಬೆಳ್ಳಗಾಗಿತ್ತು.