ಅಜ್ಜಿಯ ತೀರ್ಪು

ಹುರಿದ ಶೇಂಗಾದ ವಾಸನೆ ಬಂದರೆ ಈಗಲೂ ಹೊಳಲ್ಕೆರೆಯ ನಮ್ಮ ಪಡಸಾಲೆಯ ಆ ಮಧ್ಯಾಹ್ನ ಕಣ್ಣಿಗೆ ಕಟ್ಟುತ್ತದೆ.

ಟಿ.ವಿ. ಇನ್ನೂ ಊರು ಮುಟ್ಟದ ಎಪ್ಪತ್ತರ ದಶಕ. ವಾರಪತ್ರಿಕೆಯಲ್ಲಿ ದೆವ್ವದ ಧಾರಾವಾಹಿ ಶುರುವಾಗಿತ್ತು. "ಮಕ್ಳು ಓದಬೋದಾ ಅಂತ ಮೊದ್ಲು ನೀನು ನೋಡವ್ವ," ಎಂದು ಅಪ್ಪ ಅದನ್ನು ಅಜ್ಜಿಯ ಮಡಿಲಿಗೆ ಹಾಕಿ ಹೋದರು. ಅಜ್ಜಿಗೆ ಓದು ಬಾರದು, ದಿನವೂ ಓದಿ ಹೇಳುವವಳು ನಾನೇ ಎಂಬುದು ಅವರಿಗೆ ಮರೆತೇ ಹೋಗಿತ್ತು.

"ಗಟ್ಟಿಯಾಗಿ ಓದು ಮಗಾ," ಎಂದಳು ಅಜ್ಜಿ, ಶೇಂಗಾ ಸುಲಿಯುತ್ತ. ಕಥೆಯ ಬಾವಿಯಿಂದ ಬಿಳಿಯ ಕೈ ಮೇಲೆದ್ದಾಗ ನಾನು ಅಜ್ಜಿಗೆ ಒತ್ತಿಕೊಂಡು ಕೂತೆ. ಅವಳ ಬೆರಳುಗಳೂ ನಿಂತವು.

ಸಂಜೆ ಅಪ್ಪ ಕೇಳಿದರು, "ಹೆಂಗೈತವ್ವ?"

"ಪೂರ್ತಿ ಕೇಳ್ದೆ ಹೆಂಗಪ್ಪ ಹೇಳ್ಲಿ?"

ವಾರವಾರವೂ ಅದೇ ಉತ್ತರ. ಕೊನೆಯ ಕಂತನ್ನು ನಾನು ಓದಿ ಮುಗಿಸಿದ ದಿನ ಅಜ್ಜಿ ತೀರ್ಪು ಕೊಟ್ಟಳು: "ಬ್ಯಾಡಪ್ಪ, ಹುಡುಗ್ರು ಓದೋವಂಥದ್ದಲ್ಲ."

ಬಾಯ್ತುಂಬ ಶೇಂಗಾ ತುಂಬಿಕೊಂಡು ನಾನೂ ಹೌದೆಂದು ತಲೆಯಾಡಿಸಿದೆ.