ಒಂದೂಕಾಲು ಮೀಟರು

ಒಂದೂಕಾಲು ಮೀಟರು ಲೈನಿಂಗ್ ಬಟ್ಟೆಗೆ ಆರ್ಡರ್ ಹಾಕಿದ್ದರೆ, ಬೆಳಗಾಗುವಷ್ಟರಲ್ಲಿ ಪರದೆ ಅಂಗಡಿಯ ಮುಂದೆ ಲಾರಿಯೇ ಬಂದು ನಿಂತಿತ್ತು. ಥಾನಿನ ಮೇಲೆ ಥಾನು, ಸಾವಿರದ ಇನ್ನೂರೈವತ್ತು ಮೀಟರು.

"ಅಂಗಡಿ ತೆಗೆಯೋದ್ರೊಳಗೆ ಆ ಪೇಜು ಸರಿಹೋಗ್ಬೇಕು," ಎಂದ ಅಣ್ಣ ತಂಗಿಗೆ. "ಇಲ್ಲಾಂದ್ರೆ ನಾಳೆಯಿಂದ ಕೌಂಟರಿಗೆ ಒಬ್ರೇ. ಅಮ್ಮ ಮನೇಲಿರ್ಲಿ." ಮಿಲ್ಲಿನವರ ಕೈಕಾಲು ಹಿಡಿಯಲು ಅದೇ ಲಾರಿ ಹತ್ತಿ ಹೋದ.

ಆರ್ಡರ್ ಹಾಕುವ ಪೇಜು ಮಾಡಿಕೊಟ್ಟವಳು ಈ ತಂಗಿಯೇ. ತವರಿಗೆಂದು ನಾಲ್ಕು ದಿನ ಇದ್ದುಹೋಗಲು ಬಂದವಳು ಅಡಕತ್ತರಿಗೆ ಸಿಕ್ಕ ಅಡಿಕೆಯಾಗಿದ್ದಳು. ದಶಮಾಂಶಕ್ಕೆ ಕಾಮಾ ಹಾಕುವ ಈ ದೇಶದಲ್ಲಿ ಅಮ್ಮ ಕಲಿತ ಲೆಕ್ಕದಲ್ಲಿ ಒಂದರ ಪಕ್ಕ ಕಾಮಾ ಹಾಕಿದರೆ ಆಚೆಯದು ಚೂರು ಭಾಗ. ಅದನ್ನೂ ಮಿಲಿಮೀಟರಿನವರೆಗೆ, 1,250 ಎಂದು, ಬರೆಯದಿದ್ದರೆ ಅಮ್ಮನಿಗೆ ಸಮಾಧಾನವಿಲ್ಲ. ಬೇರೆ ದೇಶದಲ್ಲಿ ಬೆಳೆದು ಸೊಸೆಯಾಗಿ ಬಂದ ಅತ್ತಿಗೆಗೆ ಚೂರಿಗೆ ಚುಕ್ಕೆ. ಕಾಮಾ ಏನಿದ್ದರೂ ಸಾವಿರಕ್ಕೆ. ಹೋದ ವಾರ ಪೇಜನ್ನು ಅತ್ತಿಗೆಗೆ ಒಗ್ಗಿಸಿದ್ದಕ್ಕೆ ಈ ವಾರ ಅಮ್ಮನ ಲಾರಿ ಬಂತು. ಇಬ್ಬರಿಗೂ ಬೇರೆ ಬೇರೆ ಲಾಗಿನ್ ಮಾಡಿಕೊಟ್ಟದ್ದೂ ಆಗಿತ್ತು. ಒಬ್ಬರು ತೆರೆದಿಟ್ಟದ್ದನ್ನು ಇನ್ನೊಬ್ಬರು ಬಚ್ಚಲ ಟವೆಲಿನ ಹಾಗೆ ಬಳಸುತ್ತಿದ್ದರು.

"ಅಮ್ಮಾ, ನೀನಾದ್ರೂ ಚುಕ್ಕೆ ಇಡಬಾರ್ದಾ?"

"ನಿಮ್ಮಪ್ಪ ಕತ್ತರಿ ಹಿಡಿಯೋಕೆ ಮುಂಚಿಂದ ಕಾಮಾ ಹಾಕ್ದೋಳು ನಾನು. ನಿನ್ನೆ ಮೊನ್ನೆ ಬಂದೋರ ಚುಕ್ಕೆ ನಂಗ್ಯಾಕೆ? ನಿಮ್ಮತ್ತಿಗೆಗೆ ಹೇಳು."

ಅತ್ತಿಗೆ ಎದುರಿಗೇ ನಿಂತು ಪರದೆಗೆ ಕೊಕ್ಕೆ ಸಿಕ್ಕಿಸುತ್ತಿದ್ದಳು. "ಅತ್ತೆಗೆ ಹೇಳು, ಕೇಳಿಸ್ತು ಅಂತ. ಚುಕ್ಕೆ ಇಟ್ಟೋರ ಮನೆಗೆ ಲಾರಿ ಬರಲ್ಲ ಅಂತಾನೂ ಹೇಳು."

"ನಾನೇನು ಅಂಚೆಯವಳಾ? ನೀವಿಬ್ರೂ ನಿಂತಿರೋದು ಮೊಳ ದೂರದಲ್ಲಿ!" ಎಂದು ಮಗಳು ಹಣೆ ಚಚ್ಚಿಕೊಂಡಳು. ಹಳೆಯದನ್ನೆಲ್ಲ ಹೊಲಿಗೆ ಬಿಚ್ಚಿದ ಹಾಗೆ ಬಿಚ್ಚಿ ಹೊಸದಾಗಿ ಬರೆಯಲು ಕೂತಳು. "ಇನ್ಮೇಲೆ ಯಾರು ಏನೇ ಒತ್ತಿ, 'ಒಂದೂಕಾಲಾ, ಸಾವಿರದ ಇನ್ನೂರೈವತ್ತಾ?' ಅಂತ ಪೇಜೇ ನಿಮ್ಮನ್ನ ಕೇಳುತ್ತೆ. ಹೂಂ ಅಂದ್ಮೇಲೇ ಆರ್ಡರ್ ಹೋಗೋದು."

"ನನ್ನನ್ನ ಕೇಳುತ್ತಾ?" ಎಂದಳು ಅಮ್ಮ.

"ಪ್ರತಿ ಸಲಾನಾ?" ಎಂದಳು ಅತ್ತಿಗೆ.

ಮಗಳು ಟೈಪ್ ಮಾಡುತ್ತಲೇ ಹೋದಳು. ಕೊನೆಯದೊಂದು ಸಾಲು ಉಳಿದಾಗ ಕಣ್ಣು ಉರಿಯತೊಡಗಿ, ಹಿಂದಿನ ನಲ್ಲಿಗೆ ಹೋಗಿ ಮುಖ ತೊಳೆದಳು. ಒಳಗಿನಿಂದ ನಗು ಕೇಳಿಸಿತು. ಒಬ್ಬರದಲ್ಲ, ಇಬ್ಬರದು.

ಓಡಿ ಬಂದು ನೋಡಿದರೆ ಅತ್ತಿಗೆ ಕೀಬೋರ್ಡನ್ನು ತೊಡೆಯ ಮೇಲೆ ಒತ್ತಿ ಹಿಡಿದಿದ್ದಾಳೆ, ಅಮ್ಮ ಮಗುವಿನ ಕಾಲಿನ ಮುಳ್ಳು ತೆಗೆಯುವವಳ ಹಾಗೆ ಕತ್ತರಿಯ ಮೊನೆ ಹಿಡಿದು ಬಗ್ಗಿದ್ದಾಳೆ. ಕೀಬೋರ್ಡಿನಲ್ಲಿ ಹಾಲುಹಲ್ಲು ಬಿದ್ದಂತೆ ಎರಡು ಸಂದು.

"ಚುಕ್ಕೆನೂ ಬೇಡ, ಕಾಮಾನೂ ಬೇಡ," ಎಂದಳು ಅಮ್ಮ. "ಇನ್ನು ಸೆಂಟಿಮೀಟರಲ್ಲೇ ಒತ್ತೋದು. ನೂರಿಪ್ಪತ್ತೈದು. ಮುಗೀತು. ಅದೇನು ನಮ್ಮನ್ನ ಕೇಳೋದು?"

"ಅತ್ತೆ ಹೇಳಿದ್ದೇ ಸರಿ," ಎಂದಳು ಅತ್ತಿಗೆ. ಆ ಮನೆಯಲ್ಲಿ ಆ ಮಾತು ಯಾರೂ ಕೇಳಿದ್ದಿಲ್ಲ.

"ಆ ಪೇಜಿಗೆ ಗೊತ್ತಿರೋದು ಮೀಟರ್ ಒಂದೇ ಕಣಮ್ಮಾ! ನೂರಿಪ್ಪತ್ತೈದು ಒತ್ತಿದ್ರೆ ಲಾರಿ ಬದ್ಲು ವ್ಯಾನ್ ಬರುತ್ತೆ, ಅಷ್ಟೇ! ಅದನ್ನ ತಿದ್ದೋಕೂ ನಂಗೆ ಚುಕ್ಕೆ ಬೇಕು! ಪೇಜು ಪೂರ್ತಿ ಬಿಚ್ಚಿ ಹಾಕಿದೀನಿ! ಎಲ್ಲಿ ಆ ಕೀಗಳು?"

ಅತ್ತೆ ಸೊಸೆ ಮುಖ ಮುಖ ನೋಡಿಕೊಂಡರು. ಅಮ್ಮ ಮೆಲ್ಲಗೆ ಮೇಜಿನ ಕೆಳಗಿನ ತಗಡಿನ ಡಬ್ಬಿ ಎಳೆದು ಮುಚ್ಚಳ ತೆಗೆದಳು. ಅಪ್ಪನ ಕಾಲದಿಂದ ಕೂಡಿಟ್ಟ ಕೋಟಿನ ಗುಂಡಿಗಳು, ಅಂಚಿನವರೆಗೆ, ಎಲ್ಲವೂ ಆ ಕೀಗಳ ಹಾಗೆಯೇ ಕಪ್ಪು.

ಹೊರಗೆ ಅಣ್ಣ ಷಟರ್ ಎತ್ತುವ ಸದ್ದಾಯಿತು. ಮಗಳು ಮೊಣಕೈವರೆಗೆ ಡಬ್ಬಿಗೆ ಕೈ ಹಾಕಿದಳು.

"ತೂತಿಲ್ಲದ್ದನ್ನ ನೋಡೇ," ಎಂದಳು ಅಮ್ಮ ಪಿಸುದನಿಯಲ್ಲಿ. "ಅದೇ ನಿಂದು."